ವಿಶ್ಲೇಷಕರ ಅಂದಾಜೋ, ಹೋದ ವರ್ಷದ ಲಾಭವೋ?

ಷೇರು ಕೊಳ್ಳುವ ಮುಂಚೆ ಕಂಪನಿಯ ಮುಂದಿನ ಲಾಭ ಎಷ್ಟಿರಬಹುದು ಅಂತ ತಿಳಿಯಬೇಕಲ್ವಾ? ಅದಕ್ಕೆ ಎರಡು ದಾರಿಗಳಿವೆ. ಕಂಪನಿಗಳ ಲೆಕ್ಕ ನೋಡಿ ಮುಂದಿನ ಲಾಭ ಊಹಿಸುವ ವಿಶ್ಲೇಷಕರ ಸರಾಸರಿ ಅಂದಾಜು ನಂಬಬಹುದು. ಇಲ್ಲವೇ ಹೋದ ವರ್ಷದ ಲಾಭವೇ ಮುಂದುವರಿಯುತ್ತದೆ ಅಂದುಕೊಳ್ಳಬಹುದು.

ಮುಂದಿನ ತ್ರೈಮಾಸಿಕಕ್ಕಾದರೆ ವಿಶ್ಲೇಷಕರೇ ಮೇಲು. ಆರ್ಡರು, ಕಚ್ಚಾವಸ್ತುವಿನ ಬೆಲೆ, ಆಡಳಿತದವರ ಮಾತು ಎಲ್ಲವೂ ಅವರ ಕೈಯಲ್ಲಿರುತ್ತವೆ.

ಎರಡು-ಮೂರು ವರ್ಷದಾಚೆಗೆ ಮಾತ್ರ ಕಥೆ ಬೇರೆ. ದೂರ ಹೋದಷ್ಟೂ ಅವರ ಆಶಾವಾದ ಜಾಸ್ತಿ. 1990ರಲ್ಲೇ ಸಂಶೋಧಕರಾದ ಡಿ ಬಾಂಟ್ ಮತ್ತು ಥೇಲರ್, ಅಮೆರಿಕದ ವಿಶ್ಲೇಷಕರ ಅಂದಾಜುಗಳು ಅತಿರೇಕಕ್ಕೆ ಹೋಗುತ್ತವೆ ಎಂದು ತೋರಿಸಿದ್ದರು. 2012ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕದ ಅಧ್ಯಯನದಲ್ಲಿ, ದೂರದ ಅವಧಿಗೆ, ಅದರಲ್ಲೂ ಸಣ್ಣ, ಹೊಸ ಕಂಪನಿಗಳಿಗೆ, ಹಳೆಯ ಲಾಭವನ್ನೇ ಸುಮ್ನೆ ಮುಂದಿಟ್ಟ ಲೆಕ್ಕ ಹೆಚ್ಚು ಸರಿಯಾಗಿತ್ತು. ನನಗಿದು ತುಂಬಾ ಮುಖ್ಯ ಅನ್ನಿಸುತ್ತದೆ. ಜನ ದುಡ್ಡು ಹಾಕುವುದು ಆ ದೂರದ ಅಂಕಿ ನೋಡಿಯೇ.

ವಿಶ್ಲೇಷಕರ ಇನ್ನೊಂದು ದೋಷ, ಮೊದಲು ಹೇಳಿದ ಅಂಕಿಗೇ ಅಂಟಿಕೊಳ್ಳುವುದು. ಕೆಟ್ಟ ಸುದ್ದಿ ಬಂದರೂ ಅಂದಾಜು ಚೂರುಚೂರೇ ಇಳಿಯುತ್ತದೆ. ಹೋದ ವರ್ಷದ ಲಾಭಕ್ಕೆ ಈ ಹಟವಿಲ್ಲ, ಆದರೆ ಹೊಸ ಕಾರ್ಖಾನೆ ಶುರುವಾಗಿದ್ದೂ ಅದಕ್ಕೆ ಕಾಣುವುದಿಲ್ಲ.

ಮೂರು ತಿಂಗಳ ಲೆಕ್ಕಕ್ಕೆ ವಿಶ್ಲೇಷಕರನ್ನು ಕೇಳಿ. ಮೂರು ವರ್ಷಕ್ಕಾದರೆ ಹಳೆಯ ಲಾಭದಿಂದಲೇ ಶುರುಮಾಡಿ.