ಕ್ಯೂಟ್ ಚೆಸ್: ಒಂದೇ ಕಂಪ್ಯೂಟರ್‌ನಲ್ಲಿ ಎರಡು ಎಂಜಿನ್ ಆಡಿಸುವವರಿಗೆ

ಚೆಸ್ ಎಂಜಿನ್‌ಗಳನ್ನು, ಅಂದರೆ ತಾವೇ ಚೆಸ್ ಆಡುವ ಪ್ರೋಗ್ರಾಂಗಳನ್ನು, ಒಂದಕ್ಕೊಂದು ಎದುರಾಗಿ ಆಡಿಸುವ ತಂತ್ರಾಂಶ ಕ್ಯೂಟ್ ಚೆಸ್. ಇದು ಉಚಿತ, ಓಪನ್ ಸೋರ್ಸ್, ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಓಡುತ್ತದೆ. ತುಮಕೂರಿನ ಕ್ಯಾತ್ಸಂದ್ರದಲ್ಲಿರುವ ನಮ್ಮ ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ವರ್ಷಗಳಿಂದ ಇದನ್ನೇ ಬಳಸುತ್ತಿದ್ದೇನೆ. ನನ್ನ ಹತ್ತಿರ ಚೆಸ್ ಕಲಿಯುವ ಮಕ್ಕಳು "ಸರ್, ಹಳೇ ಸ್ಟಾಕ್‌ಫಿಶ್‌ಗೂ ಹೊಸದಕ್ಕೂ ಎಷ್ಟು ವ್ಯತ್ಯಾಸ?" ಎಂದು ಕೇಳುತ್ತಲೇ ಇರುತ್ತಾರೆ. ಸ್ಟಾಕ್‌ಫಿಶ್ ಅಂಥದ್ದೇ ಒಂದು ಎಂಜಿನ್. ಆಡಿಸಿ ತೋರಿಸೋದೇ ಸರಿಯಾದ ಉತ್ತರ ಅಲ್ವಾ? ಆದರೆ ಎರಡೂ ಎಂಜಿನ್‌ಗೆ ಸಿಪಿಯು ಸಮನಾಗಿ ಸಿಗಬೇಕು. ಇಲ್ಲದಿದ್ದರೆ ಆ ಗೆಲುವಿಗೆ ಬೆಲೆಯೇ ಇಲ್ಲ.

ಹೆಚ್ಚಿನವರು ನೇರ ಪ್ರಯಾರಿಟಿಗೆ, ಅಂದರೆ ಸಿಪಿಯು ಯಾವ ಪ್ರೋಗ್ರಾಂಗೆ ಮೊದಲು ಎಂದು ವಿಂಡೋಸ್‌ಗೆ ಹೇಳುವ ಸೆಟ್ಟಿಂಗ್‌ಗೆ, ಕೈ ಹಾಕುತ್ತಾರೆ. ಅದಕ್ಕೂ ಮೊದಲು ಪಾಂಡರ್ ಆಫ್ ಮಾಡಿ. ಪಾಂಡರ್ ಆನ್ ಇದ್ದರೆ ಎದುರಾಳಿಯ ಸರದಿಯಲ್ಲೂ ಎಂಜಿನ್ ಲೆಕ್ಕ ಹಾಕುತ್ತಲೇ ಇರುತ್ತದೆ. ನಮ್ಮ ಪ್ರೊಸೆಸರ್ ನಾಲ್ಕು ಕೋರ್, ಎಂಟು ಥ್ರೆಡ್‌ನದು, ಅಂದರೆ ಒಂದೇ ಸಲಕ್ಕೆ ಎಂಟು ಕೆಲಸ ಓಡಬಹುದು. ಎರಡು ಎಂಜಿನ್‌ಗೂ ಎಂಟೆಂಟು ಥ್ರೆಡ್ ಕೊಟ್ಟರೆ ಹದಿನಾರು ಜನ ಎಂಟು ಸೀಟಿಗೆ ಕಿತ್ತಾಡಿದಂತೆ. ಪಾಂಡರ್ ಆಫ್ ಇದ್ದಾಗ ಒಂದು ಯೋಚಿಸುವಾಗ ಇನ್ನೊಂದು ಸುಮ್ನೆ ಕೂತಿರುತ್ತದೆ.

ಜಗಳ ನಡೆದಿದೆಯೋ ಇಲ್ಲವೋ ಎಂದು ತಿಳಿಯೋಕೆ ಆಟದ ನಡೆಗಳು ದಾಖಲಾಗುವ ಪಿಜಿಎನ್ ಫೈಲ್ ತೆರೆದು ನೋಡಿ. ಈ ತಂತ್ರಾಂಶದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಪ್ರತಿ ನಡೆಯ ಪಕ್ಕ +0.35/22 ಎಂಬಂತೆ ಇರುತ್ತದೆ, ಅದರ ಮುಂದೆ ಸೆಕೆಂಡು. ಮೊದಲನೆಯದು ಎಂಜಿನ್ ಕೊಟ್ಟ ಅಂಕ, ಎರಡನೆಯದು ಎಷ್ಟು ಆಳಕ್ಕೆ ಹುಡುಕಿತು ಎಂಬುದು. ಸಮಯ ಅಷ್ಟೇ ತೆಗೆದುಕೊಂಡು, ಸಾಲಾಗಿ ಹಲವು ನಡೆಗಳಲ್ಲಿ ಆಳ ಕುಸಿದಿದ್ದರೆ ಆ ಹೊತ್ತಿನಲ್ಲಿ ಬೇರೆ ಏನು ಓಡುತ್ತಿತ್ತು ಎಂದು ಹುಡುಕಿ. ಸೆಕೆಂಡಿಗೆ ಎಷ್ಟು ನೋಡ್ (ಎಂಜಿನ್ ಪರಿಶೀಲಿಸುವ ಪೊಸಿಷನ್) ಎಂಬ ಲೆಕ್ಕದಲ್ಲಿ ಎರಡು ಎಂಜಿನ್ ಹೋಲಿಸಬೇಡಿ. 2020ರಲ್ಲಿ ಬಂದ ಸ್ಟಾಕ್‌ಫಿಶ್ 12ರಲ್ಲಿ ನ್ಯೂರಲ್ ನೆಟ್‌ವರ್ಕ್ ಸೇರಿತು. ಅದು 11ಕ್ಕಿಂತ ನಿಧಾನವಾಗಿ ನೋಡ್ ಎಣಿಸುತ್ತದೆ, ಆದರೂ ಜಾಸ್ತಿ ಚೆನ್ನಾಗಿ ಆಡುತ್ತದೆ. ಅದೇ ಎಂಜಿನ್ ಒಂಟಿಯಾಗಿದ್ದಾಗ ಎಷ್ಟು, ಪಂದ್ಯದಲ್ಲಿ ಎಷ್ಟು ಎಂದು ಹೋಲಿಸಿ.

ಈಗ ಪ್ರಯಾರಿಟಿ. ಇದನ್ನು ನಾನು ಹೊರಗಿನಿಂದಲೇ ಮಾಡುತ್ತೇನೆ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ಎಂಜಿನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಲೋನಿಂದ ರಿಯಲ್‌ಟೈಮ್‌ವರೆಗೆ ಆರು ಹಂತ ಸಿಗುತ್ತವೆ. ರಿಯಲ್‌ಟೈಮ್ ಮುಟ್ಟಲೇಬೇಡಿ, ಮೌಸ್ ಕೂಡ ಅಲುಗಾಡದೆ ನಿಲ್ಲಬಹುದು. ಎಂಜಿನ್ ಮತ್ತೆ ಶುರುವಾದರೆ ಇಲ್ಲಿ ಮಾಡಿದ ಬದಲಾವಣೆ ಹೋಗಿಬಿಡುತ್ತದೆ. ಕ್ಯೂಟ್ ಚೆಸ್ ಅನ್ನೇ ಸ್ಟಾರ್ಟ್ ಕಮಾಂಡ್ ಮೂಲಕ ಬಿಲೋ ನಾರ್ಮಲ್‌ನಲ್ಲಿ ತೆರೆದರೆ ಅದು ಶುರು ಮಾಡುವ ಎರಡೂ ಎಂಜಿನ್‌ಗೆ ಅದೇ ಹಂತ ಸಿಗುತ್ತದೆ. ಹೈ ಕೊಟ್ಟು ತೆರೆದರೆ ಹಾಗೆ ಇಳಿದು ಬರುವುದಿಲ್ಲ, ಎಂಜಿನ್‌ಗಳು ನಾರ್ಮಲ್‌ನಲ್ಲೇ ಉಳಿಯುತ್ತವೆ.

ರಾತ್ರಿಯಿಡೀ ಒಂದು ಪೊಸಿಷನ್ ಅನಾಲಿಸಿಸ್‌ಗೆ ಬಿಟ್ಟಾಗ ಬಿಲೋ ನಾರ್ಮಲ್ ತುಂಬಾ ಅನುಕೂಲ. ಬೆಳಗ್ಗೆ ಮಗಳು ಆನ್‌ಲೈನ್ ಕ್ಲಾಸ್ ತೆರೆದರೂ ಲ್ಯಾಪ್‌ಟಾಪ್ ತಡವರಿಸುವುದಿಲ್ಲ. ಗಡಿಯಾರ ಓಡುವ ಪಂದ್ಯಕ್ಕೆ ಮಾತ್ರ ಅದು ಬೇಡ. ಅವಳ ವಿಡಿಯೋ ಸಿಪಿಯು ಎಳೆದುಕೊಂಡ ಹೊತ್ತಿನಲ್ಲಿ ಯಾರ ಸರದಿ ಇದೆಯೋ ಆ ಎಂಜಿನ್‌ಗೆ ಅನ್ಯಾಯ. ಹಾಗಾಗಿ ಪಂದ್ಯಕ್ಕೆ ಇಬ್ಬರೂ ನಾರ್ಮಲ್, ಒಂದೊಂದು ಥ್ರೆಡ್. ಯಾವ ಥ್ರೆಡ್‌ಗಳ ಮೇಲೆ ಓಡಬೇಕು ಎಂದು ನಿಗದಿ ಮಾಡುವ ಅಫಿನಿಟಿಯಲ್ಲಿ 0, 2, 4 ಆರಿಸಿ ಒಟ್ಟಿಗೆ ಮೂರು ಆಟ ಬಿಡುತ್ತೇನೆ. ನಮ್ಮ ಪ್ರೊಸೆಸರ್‌ನಲ್ಲಿ 0 ಮತ್ತು 1 ಒಂದೇ ಕೋರ್‌ನ ಎರಡು ಥ್ರೆಡ್, ಅದಕ್ಕೇ ಒಂದು ಬಿಟ್ಟು ಒಂದು. ನಾಲ್ಕನೇ ಕೋರ್ ಮನೆಯ ಕೆಲಸಕ್ಕೆ.

ಬೇಸಿಗೆಯಲ್ಲಿ ಇನ್ನೊಂದು ತಲೆನೋವು. ಏಪ್ರಿಲ್ ಮಧ್ಯಾಹ್ನ ಪ್ರೊಸೆಸರ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ಬ್ಯಾಟರಿಗೆ ಬಂದರೂ ಅಷ್ಟೇ. ಇದಕ್ಕೆ ಪ್ರಯಾರಿಟಿಯಲ್ಲಿ ಮದ್ದಿಲ್ಲ. ನಾನು ಪಂದ್ಯಗಳನ್ನು ರಾತ್ರಿ ಹತ್ತರ ಮೇಲೆ ಶುರು ಮಾಡುತ್ತೇನೆ. ಪ್ರತಿ ಓಪನಿಂಗ್ ಬಣ್ಣ ಬದಲಿಸಿ ಎರಡು ಸಲ ಆಡಿಸುತ್ತೇನೆ. ಆಟದ ನಡುವೆ ಕರೆಂಟ್ ಹೋದರೆ ಆ ಜೋಡಿಯನ್ನು ಪೂರ್ತಿ ತೆಗೆದು ಮತ್ತೆ ಆಡಿಸುತ್ತೇನೆ.

ಪ್ರಯಾರಿಟಿ ಮತ್ತು ಕೋರ್ ಹಂಚಿಕೆ ಟೂರ್ನಮೆಂಟ್ ಕಿಟಕಿಯಲ್ಲೇ ಸಿಕ್ಕಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು.