ಎಕ್ಸ್‌ರೇ ನಾರ್ಮಲ್ ಅಂದ್ರು, ಮಂಡಿ ಮಾತ್ರ ಸರಿ ಹೋಗ್ಲಿಲ್ಲ

ಮೈಸೂರಲ್ಲಿ ನಮ್ಮನೆ ಹತ್ರ ಇರೋ ಮೂಳೆ ಡಾಕ್ಟ್ರ ಕ್ಲಿನಿಕ್ ಬಗ್ಗೆ ಬರೀಲೇಬೇಕು ಅನ್ನಿಸ್ತು. ಜುಲೈ ಮಳೇಲಿ ನಮ್ಮಣ್ಣ ಸ್ಕೂಟರ್ ಸ್ಕಿಡ್ ಆಗಿ ಬಿದ್ದ, ಮಡಚಿದ ಮಂಡಿ ನೇರವಾಗಿ ರಸ್ತೆಗೆ ಬಡೀತು. ಮೊದ್ಲು ಹೋದ ಆಸ್ಪತ್ರೇಲಿ ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ, ಬರೀ ಉಳುಕು ಅಂತ ನೋವಿನ ಮಾತ್ರೆ, ಕ್ರೇಪ್ ಬ್ಯಾಂಡೇಜ್ ಕೊಟ್ಟು ಕಳಿಸಿದ್ರು. 6 ವಾರ ಆದ್ರೂ ಮೆಟ್ಟಿಲು ಇಳಿಯೋವಾಗ ಮಂಡಿ ಕೈಕೊಡ್ತಿತ್ತು, ಗೋಡೆ ಹಿಡ್ಕೊಂಡೇ ಇಳೀತಿದ್ದ, ನೋಡಕ್ಕೆ ಸಂಕಟ ಆಗೋದು.

ಇಲ್ಲಿ ಡಾಕ್ಟ್ರು ಮೊದ್ಲು ಕೇಳಿದ್ದೇ ಹೇಗೆ ಬಿದ್ರಿ, ಮಂಡಿ ಮಡಚಿತ್ತಾ, ಏಟು ಎಲ್ಲಿಗೆ ಬಿತ್ತು ಅಂತ. ಆಮೇಲೆ ಅಂಗಾತ ಮಲಗಿಸಿ ಎರಡೂ ಮಂಡಿ ಮಡಚಿಸಿ ಪಾದ ಊರಿಸಿ, ಪಕ್ಕದಿಂದ ನೋಡಿ ಅಂದ್ರು, ನಮ್ಗೇ ಕಾಣಿಸ್ತು, ಏಟು ಬಿದ್ದ ಕಾಲಲ್ಲಿ ಮಂಡಿ ಕೆಳಗಿನ ಮೂಳೆ ಇನ್ನೊಂದಕ್ಕಿಂತ ಸ್ವಲ್ಪ ಹಿಂದಕ್ಕೆ ಜಗ್ಗಿತ್ತು! ಕೈಯಿಂದ ತಳ್ಳಿ ನೋಡಿ, ಇದು ಪಿಸಿಎಲ್ ಇರ್ಬೋದು, ಮಂಡಿಯೊಳಗೆ ಮೂಳೆಗಳನ್ನ ಹಿಡಿದಿಡೋ ಹಿಂದಿನ ಲಿಗಮೆಂಟು, ಕಾರಲ್ಲಿ ಡ್ಯಾಶ್‌ಬೋರ್ಡ್‌ಗೆ ಮಂಡಿ ಬಡಿದಾಗ್ಲೂ ಹೀಗೇ ಆಗುತ್ತೆ, ಎಕ್ಸ್‌ರೇಲಿ ಲಿಗಮೆಂಟು ಕಾಣಲ್ಲ ಅಂತ ಸಮಾಧಾನವಾಗಿ ಹೇಳಿದ್ರು. ಎಂಆರ್‌ಐಲೂ ಅದೇ ಬಂತು, ಅರ್ಧ ಹರಿದಿತ್ತು.

ಆಪರೇಷನ್ ಬೇಡ ಅಂದ್ರು, ಬ್ರೇಸ್ ಹಾಕಿ ತೊಡೆ ಮುಂಭಾಗದ ಸ್ನಾಯು ಗಟ್ಟಿ ಮಾಡೋ ಫಿಸಿಯೋಥೆರಪಿ, ಅಷ್ಟೇ. ಈಗ ಗೋಡೆ ಹಿಡೀದೇ ಇಳೀತಾನೆ, ಅಮ್ಮಂಗಂತೂ ಹೋದ ಜೀವ ಬಂದಂಗಾಯ್ತು.

ಕಾಯೋದು ಮಾತ್ರ ಜಾಸ್ತಿ, ಸಂಜೆ 2 ಗಂಟೆ ಕೂತಿದ್ವಿ. ಹೋಗೋರು ಹಳೇ ಎಕ್ಸ್‌ರೇ ತಗೊಂಡು, ಸಡಿಲವಾದ ಚಡ್ಡಿ ಹಾಕ್ಕೊಂಡು ಹೋಗಿ, ಎರಡೂ ಮಂಡಿ ನೋಡ್ತಾರೆ.