ಮೋಲ್ಸ್‌ವರ್ತ್ ಮರಾಠಿ ನಿಘಂಟು: ‘ಗಪ್ಪಾಗೋಷ್ಟಿ’ಯ ಬೇರು ಹುಡುಕುವವರಿಗೆ

ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಮರಾಠಿ ಪದವೊಂದರ ಮೂಲ ತಿಳಿಯಬೇಕೆಂದರೆ ಮೊದಲು ತೆರೆಯಬೇಕಾದದ್ದು ಈಗಲೂ ಜೇಮ್ಸ್ ಮೋಲ್ಸ್‌ವರ್ತ್ ಅವರ ಮರಾಠಿ-ಇಂಗ್ಲಿಷ್ ನಿಘಂಟನ್ನೇ. ಮೊದಲು ಬಂದದ್ದು 1831ರಲ್ಲಿ. ಇಂದು ಎಲ್ಲರೂ ಬಳಸುವುದು ಮುಂಬೈಯಲ್ಲಿ 1857ರಲ್ಲಿ ಅಚ್ಚಾದ ಪರಿಷ್ಕೃತ ಆವೃತ್ತಿ. 900ಕ್ಕೂ ಹೆಚ್ಚು ಪುಟ. ಷಿಕಾಗೊ ವಿಶ್ವವಿದ್ಯಾಲಯದ ನಿಘಂಟು ತಾಣದಲ್ಲಿ ಪುಕ್ಕಟೆಯಾಗಿಯೂ ಸಿಗುತ್ತದೆ.

‘ಗಪ್ಪಾಗೋಷ್ಟಿ’ ಎಂದರೆ ಹರಟೆ, ಮಾತುಕತೆ. ಎರಡು ಬಹುವಚನಗಳ ಜೋಡುಪದವಾದ್ದರಿಂದ ಬಿಡಿಸಿ, ಏಕವಚನಕ್ಕೆ ತಂದು ನೋಡಬೇಕು: ‘ಗಪ್ಪ’ (ಸಿಗದಿದ್ದರೆ ‘ಗಪ’), ‘ಗೋಷ್ಟ’. ಪದದ ಪಕ್ಕ ಲಿಂಗ, ಆಮೇಲೆ ಆವರಣದಲ್ಲಿ ಮೂಲಭಾಷೆಯ ಗುರುತು. ಎಸ್ ಎಂದರೆ ಸಂಸ್ಕೃತ, ಪಿ ಪರ್ಷಿಯನ್, ಎ ಅರಬ್ಬಿ, ಎಚ್ ಹಿಂದೂಸ್ತಾನಿ. ನಿಘಂಟಿನ ಜೀವಾಳ ಈ ಒಂದಕ್ಷರವೇ.

ಗಪ್ಪ ಬಂದದ್ದು ಪರ್ಷಿಯನ್ನಿನ ‘ಗಪ್’ನಿಂದ. ಅಲ್ಲಿ ‘ಗಪ್ ಜದನ್’, ಮರಾಠಿಯಲ್ಲಿ ‘ಗಪ್ಪಾ ಮಾರಣೇ’, ನಮ್ಮಲ್ಲಿ ‘ಹರಟೆ ಹೊಡೆಯುವುದು’. ಮೂರು ಕಡೆಯೂ ಹೊಡೆಯುವ ಕ್ರಿಯಾಪದವೇ! ಗೋಷ್ಟದ ಕತೆ ಇನ್ನೂ ಚೆಂದ. ಸಂಸ್ಕೃತದಲ್ಲಿ ‘ಗೋಷ್ಠ’ ದನ ನಿಲ್ಲುವ ಜಾಗ, ‘ಗೋಷ್ಠೀ’ ಜನ ಕೂಡಿದ ಸಭೆ, ಆ ಸಭೆಯ ಮಾತುಕತೆ. ಮರಾಠಿಯ ‘ಗೋಷ್ಟ’ ಕತೆ, ಸಂಗತಿ ಎನ್ನುವವರೆಗೆ ಹಿಗ್ಗಿತು. ಕನ್ನಡ ಮಾತ್ರ ಕವಿಗೋಷ್ಠಿ, ಪತ್ರಿಕಾಗೋಷ್ಠಿಗಳಲ್ಲಿ ಸಭೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಎರಡೂ ಭಾಷೆ ಬಲ್ಲವರಿಗೆ ಇಂಥ ಕಡೆ ಈ ಪುಸ್ತಕ ಕೊಡುವ ಖುಷಿ ದೊಡ್ಡದು.

ಒಂದು ಎಚ್ಚರ. ಮರಾಠಿಯ ‘ಗಪ್ಪ ಬಸ್’ ಎಂದರೆ ಸುಮ್ಮನೆ ಕೂಡು, ಉತ್ತರ ಕರ್ನಾಟಕದವರ ‘ಗಪ್ಪ ಕುಂಡ್ರು’. ಈ ಗಪ್ಪ ಬೇರೆ. ಹರಟೆಯ ಗಪ್ಪ ಸ್ತ್ರೀಲಿಂಗದ ನಾಮಪದ. ಲಿಂಗದ ಗುರುತು ನೋಡಿದರೆ ಗೊಂದಲವಿಲ್ಲ.

ಹೆಚ್ಚಿನವರು ಎಡವುವುದು ಕಾಗುಣಿತದಲ್ಲಿ. ಮರಾಠಿಯ 1962ರ ಶುದ್ಧಲೇಖನ (ಕಾಗುಣಿತ) ನಿಯಮಗಳು ಪದಾಂತ್ಯದ ಎಷ್ಟೋ ಅನುಸ್ವಾರಗಳನ್ನು ಕೈಬಿಟ್ಟವು. ಮೋಲ್ಸ್‌ವರ್ತ್‌ನಲ್ಲಿ ಅವೆಲ್ಲ ಹಾಗೇ ಇವೆ. ಈಗಿನಂತೆ ‘ಬೋಲಣೇ’ (ಮಾತಾಡು) ಎಂದು ಟೈಪ್ ಮಾಡಿ ಪದ ಇಲ್ಲವೆಂದು ಕೈಬಿಡಬೇಡಿ. ಕೊನೆಯಲ್ಲಿ ಅನುಸ್ವಾರ ಸೇರಿಸಿ ‘ಬೋಲಣೇಂ’ ಎಂದು ಹುಡುಕಿ. ಕ್ರಿಯಾಪದಗಳಿಗೆಲ್ಲ ಇದೇ ಕ್ರಮ.

ಕೊರತೆಯೂ ಉಂಟು. ‘ಗೋಷ್ಠ’ ಪ್ರಾಕೃತದಲ್ಲಿ ‘ಗೋಟ್ಠ’ವಾಗಿ, ಮರಾಠಿಯಲ್ಲಿ ಕೊಟ್ಟಿಗೆ ಎಂಬರ್ಥದ ‘ಗೋಠಾ’ ಆದ ನಡುವಣ ಹೆಜ್ಜೆಗಳಿಗೆ ಅದೇ ತಾಣದಲ್ಲಿರುವ ಟರ್ನರ್ ಅವರ ತೌಲನಿಕ ನಿಘಂಟೇ ಬೇಕು. ‘ಸಂವಾದ ಸಾಧಲಾ’ (ಮಾತುಕತೆ ನಡೆಸಿದರು) ಎಂಬಂಥ ಇಂದಿನ ಪತ್ರಿಕಾ ಮರಾಠಿಯನ್ನು 1857ರ ಪುಸ್ತಕದಲ್ಲಿ ಹುಡುಕಿ ಫಲವಿಲ್ಲ. ದಿನಬಳಕೆಯ ಮಾತಿಗೆ ಮ್ಯಾಕ್ಸೀನ್ ಬರ್ನ್ಟ್‌ಸನ್ ಅವರ ಚಿಕ್ಕ ನಿಘಂಟು ವಾಸಿ.

ಅಚ್ಚಿನ ಪ್ರತಿಯೇ ಬೇಕೆಂದರೆ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ ವಿಚಾರಿಸಿ. ದುಡ್ಡು ಕೊಡುವ ಮುನ್ನ ನಾಲ್ಕಾರು ಪುಟ ತಿರುವಿ, ‘ಣೇಂ’ ಮೇಲಿನ ಬಿಂದು ಸರಿಯಾಗಿ ಮೂಡಿದೆಯೇ ನೋಡಿಕೊಳ್ಳಿ.